ಎರಡನೇ ಬರೆ

"ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ತಾಲೂಕಿನಾಗ ನನ್ನ ಕೈಯಿಂದ ಬರಿ ಹಾಕಿಸ್ಕೊಳ್ಳದ ಮೈ ಒಂದೂ ಇಲ್ಲವ್ವಾ. ತಹಶೀಲ್ದಾರಗೂ ಹಾಕೀನಿ, ತಹಶೀಲ್ದಾರನ ಕುದುರಿಗೂ ಹಾಕೀನಿ."

ನಾನು ಹೀಗೆ ಅಂದ ಕೂಡಲೇ ಕೌಸರ್ ಬರೆಯುವುದನ್ನು ನಿಲ್ಲಿಸಿದಳು. ನಮ್ಮೂರಿನ ಆಶಾ ಕಾರ್ಯಕರ್ತೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಅವಳ ಬದಲಿಗೆ ಜವಳಗೇರಾ ಕಡೆಯಿಂದ ಬಂದವಳು ಈ ಕೌಸರ್. ನಮ್ಮ ಮನೆ ಅವಳಿಗೆ ಹೊಸದು. ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ಫಾರ್ಮ್ ಇಟ್ಟುಕೊಂಡು, ಮನೆಯಲ್ಲಿ ಎಷ್ಟು ಮಂದಿ, ಯಾರಿಗಾದರೂ ಜ್ವರ ಇದೆಯೇ, ಬರೆ ಹಾಕಿಸುವ ಪದ್ಧತಿ ಇದೆಯೇ ಎಂದು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದಳು. ನಾನು ಮೂರನೆಯದನ್ನು ಮೊದಲು ಹಿಡಿದೆ.

"ಖರೇನ ಏನಜ್ಜಿ?"

"ಅರ್ಧ ಸುಳ್ಳು. ತಹಶೀಲ್ದಾರಗ ಕುದುರಿ ಎಲ್ಲಿತ್ತು, ಜೀಪ್ ಇತ್ತು."

ಹುಡುಗಿ ನಕ್ಕಳು. ಬಿಸಿಲಲ್ಲಿ ನಡೆದು ಬಂದು ಮುಖ ಬಾಡಿತ್ತು. ಒಳಗಿಂದ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ತಂದು ಮುಂದಿಟ್ಟೆ.

"ಮೊದಲು ಮನಿಯಾಗ ಎಷ್ಟು ಮಂದಿ ಹೇಳಜ್ಜಿ, ಬರಕೊಂತೀನಿ."

"ಅದನ್ನ ಕಡೀಕ ಹೇಳ್ತೀನಿ. ಬರಿ ಅಂದಿಯಲ್ಲ, ಅದನ್ನ ಕೇಳು."

ಬರೆಯ ಕೈ ನಿಜವಾಗಿ ಇದ್ದದ್ದು ನನ್ನ ಅತ್ತೆಗೆ. ಕಾಮಣಿಯಾಗಿ ಕಣ್ಣು ಹಳದಿಯಾದವರು, ಬಿಡದ ಜ್ವರದವರು, ಹೊಟ್ಟೆಯುಬ್ಬಿದ ಕೂಸುಗಳು, ಎಲ್ಲರೂ ಅವಳ ಹತ್ತಿರ ಬರುತ್ತಿದ್ದರು. ಅವಳು ಗಾಜಿನ ಬಳೆಯ ಚೂರನ್ನು ದೀಪದ ಉರಿಯಲ್ಲಿ ಕಾಸಿ ಮೈಗೆ ಮುಟ್ಟಿಸುತ್ತಿದ್ದಳು. ನನ್ನ ಕೆಲಸ ದೀಪ ಹಿಡಿಯುವುದು. ಅವಳು ಸತ್ತ ಮೇಲೆ ನಾನೇ ಹಾಕಿದ್ದು ಹತ್ತು ಮಂದಿಗೆ ಇರಬಹುದು, ಅದರಲ್ಲಿ ಒಂದು ಆಡು. ಆದರೆ ಊರಿಗೆ ನಾನು ಹಾಗೆ ಹೇಳಲಿಲ್ಲ. ಗಂಡ ಸತ್ತ ಮುದುಕಿಯನ್ನು ಮದುವೆಗೆ ಮುಂದಾಗಿ ಯಾರೂ ಕರೆಯುವುದಿಲ್ಲ. ಮೈ ಕಾದರೆ ಮಾತ್ರ "ಯಮನಮ್ಮ ಎಲ್ಲಿ" ಅನ್ನುತ್ತಾರೆ. ಆ ಕರೆ ನನಗೆ ಬೇಕಾಗಿತ್ತು. ಹತ್ತನ್ನು ನೂರು ಮಾಡಿದೆ, ನೂರನ್ನು ಸಾವಿರ ಮಾಡಿದೆ.

ಈಗ ನನ್ನ ಸೊಸೆಯ ಮಾತು. ಅಮರೇಶ್ವರಿ, ನನ್ನ ಮಗ ವಿರೇಶನ ಹೆಂಡತಿ. ಅವಳು ಬಡಿದ ರೊಟ್ಟಿಯನ್ನು ಕಾಲುವೆಗೆ ಅಡ್ಡ ಇಟ್ಟರೆ ನೆಲ್ಲು ತುಂಬಿದ ಟ್ರ್ಯಾಕ್ಟರ್ ದಾಟುತ್ತದೆ ಎಂದು ನಾನು ಊರಿಗೆಲ್ಲ ಹೇಳುತ್ತಿದ್ದೆ.

"ದಾಟಲಿ ಬಿಡತ್ತಿ, ಮೊದಲ ನಿನ್ನನ್ನ ಕೂಡ್ರಿಸಿ ನೋಡ್ತೀನಿ," ಅನ್ನುತ್ತಿದ್ದಳು ಅವಳು.

ನಮ್ಮಿಬ್ಬರ ಸಂಸಾರ ಹೀಗೇ ಬೈದಾಡಿಕೊಂಡು ಚೆನ್ನಾಗಿತ್ತು.

ದೀಪಾವಳಿ ಮುಗಿದ ವಾರ ಅವಳು ದಿನಾ ಕಾಲುವೆ ಏರಿಗೆ ಹೋಗಿ ಎಮ್ಮೆಗೆ ಹುಲ್ಲು ಕೊಯ್ದು ತರುತ್ತಿದ್ದಳು. ಸೊಂಟದವರೆಗೆ ಬೆಳೆದ ಹುಲ್ಲು. ಒಂದು ಸಂಜೆ ಹೊರೆ ಇಳಿಸಿದವಳು ಅಲ್ಲೇ ಕುಳಿತಳು. ತಲೆ ಸಿಡಿಯುತ್ತದೆ ಅಂದಳು. ಮರುದಿನ ಜ್ವರ. ಮೂರನೆಯ ದಿನ ಕಣ್ಣಂಚು ಹಳದಿ ಕಂಡಿತು.

"ಕಾಮಣಿ ಬೇ ಇದು, ಬಾ ಇಲ್ಲಿ," ಅಂದೆ.

"ಬ್ಯಾಡತ್ತಿ. ದವಾಖಾನಿಗೆ ಹೋಗೂಣು."

"ಮೂರು ತಾಲೂಕಿನ ಮಂದಿ ನನ್ನ ಹುಡುಕ್ಕೊಂಡು ಬರ್ತಾರ, ನನ್ನ ಸೊಸಿಗೆ ನಾ ಬ್ಯಾಡಾದೆನೇನು?"

ಅವಳು ಮುಂಗೈ ಚಾಚಿದಳು. ನನ್ನ ಕೈಗೆ ನಡುಕ ಬಂದು ಐದು ವರ್ಷವಾಗಿದೆ. ಒಲೆ ಮುಂದೆ ಕುಳಿತು ಒಂದು ರೊಟ್ಟಿ ಬಡಿಯಲೂ ಆಗುವುದಿಲ್ಲ. ಆದರೂ ಬಳೆ ಚೂರು ಕಾಸಿ ಒಂದು ಬರೆ ಎಳೆದೆ. ಒಂದೇ ಒಂದು, ಬಲ ಮುಂಗೈ ಮೇಲೆ. ಇದನ್ನು ಕೌಸರ್‌ಗೆ ಎರಡು ಸಲ ಹೇಳಿದೆ. ಬಲ ಮುಂಗೈ, ಒಂದೇ ಒಂದು.

ಜ್ವರ ಬರೆಗೆ ಹೆದರಲಿಲ್ಲ. ಐದನೆಯ ದಿನ ವಿರೇಶ ಅವಳನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದ. ನಾನೂ ಹೋದೆ.

"ಯಾವೂರ ದವಾಖಾನಿ ಅಜ್ಜಿ?" ಕೌಸರ್ ಕೇಳಿದಳು.

"ಅದನ್ನ ಹೇಳಂಗಿಲ್ಲ. ಅಲ್ಲಿ ಒಬ್ಬಾಕಿ ಚಲೋ ನರ್ಸಮ್ಮ ಅದಾಳ, ಆಕಿ ನೌಕರಿಗೆ ಕುತ್ತು ಬರಬಾರದು."

ಅಲ್ಲಿನ ಸಾಲು ಎಷ್ಟು ಉದ್ದ ಅಂದರೆ, ಬಾಲದಲ್ಲಿ ನಿಂತ ಬಸುರಿ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಕೂಸು ಶಾಲೆಗೆ ಹೋಗಬೇಕು. ನಮ್ಮ ಸರದಿ ಬಂದಾಗ ಡಾಕ್ಟರ್ ತಲೆ ಎತ್ತಲಿಲ್ಲ. ತಪ್ಪು ಅವರೊಬ್ಬರದೇ ಅಲ್ಲ ಬಿಡಿ, ಅವರ ಹಿಂದೆ ಇನ್ನೂರು ತಲೆಗಳಿದ್ದವು. ಎಷ್ಟು ದಿನದ ಜ್ವರ ಅಂದರು, ರಕ್ತ ಪರೀಕ್ಷೆಗೆ ಬರೆದರು. ಮರುದಿನ ಟೈಫಾಯಿಡ್ ಅಂದರು, ಗುಳಿಗೆ ಕೊಟ್ಟರು. ನಾಲಿಗೆ ನೋಡಲಿಲ್ಲ, ಹೊಟ್ಟೆ ಒತ್ತಲಿಲ್ಲ. ಏಳನೆಯ ದಿನ ಅಮರೇಶ್ವರಿ ನಿಂತಲ್ಲಿಂದ ಕುಸಿದಳು. ಆಗ ಮಂಚ ಕೊಟ್ಟರು.

ಮಧ್ಯಾಹ್ನ ನರ್ಸಮ್ಮ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಾಗ ಮುಂಗೈಯ ಬರೆ ಕಂಡಿತು. ಡಾಕ್ಟರನ್ನು ಕರೆದಳು. ಮೈಸೂರು ಕಡೆಯ ಹುಡುಗ, ಮೀಸೆ ಆಗ ತಾನೇ ಬಲಿತಿತ್ತು.

"ಬರೆ ಹಾಕಿದ್ದು ಯಾರು? ಯಾವ ಕಾಲದಲ್ಲಿದ್ದೀರ ನೀವು?" ಎಂದು ಕೂಗಿದ.

ವಾರ್ಡಿನ ಹೆಂಗಸರೆಲ್ಲ ತಿರುಗಿದರು. ಎರಡು ಮಂಚದಾಚೆ ಯಾರೋ ಪಿಸುಗುಟ್ಟಿದರು: "ಈಕಿ ಬರಿ ಹಾಕೋ ಯಮನಮ್ಮ ಅಲ್ಲೇನ?"

ಆ ಪಿಸುಮಾತು ಕಿವಿಗೆ ಬಿದ್ದದ್ದೇ ಕೆಟ್ಟದ್ದಾಯಿತು. ಸೆರಗು ಸರಿ ಮಾಡಿಕೊಂಡು, "ನಾನ ಹಾಕೀನ್ರಿ. ನಲವತ್ತು ವರ್ಷದ ಕೈ ಐತ್ರಿ ಇದು," ಅಂದೆ.

ಅಷ್ಟರಲ್ಲಿ ನರ್ಸಮ್ಮ ಲಂಗದ ಲಾಡಿ ಸಡಿಲ ಮಾಡಿದ್ದಳು. ಸೊಂಟದ ಮೇಲೆ, ಲಾಡಿ ಒತ್ತುವ ಜಾಗದಲ್ಲಿ, ಒಂದು ಕರಿ ಹಕ್ಕಳೆ. ಸುತ್ತ ಕೆಂಪು.

"ಇದೂ ನೀವೇನಾ? ಇನ್ನೂ ಎಷ್ಟು ಕಡೆ ಸುಟ್ಟಿದ್ದೀರಮ್ಮ? ಪೊಲೀಸರಿಗೆ ಹೇಳಬೇಕಾಗುತ್ತೆ."

ನಾನು ಅದನ್ನು ನೋಡಿದ್ದು ಅದೇ ಮೊದಲು. ಅದು ನನ್ನದಲ್ಲ. ಆದರೆ ಅಲ್ಲ ಎಂದರೆ ಯಾರು ನಂಬುತ್ತಾರೆ? ಮೂರು ತಾಲೂಕು ಸುಟ್ಟವಳು ಸಿಕ್ಕಿಬಿದ್ದಳು, ಈಗ ಸುಳ್ಳು ಹೇಳುತ್ತಾಳೆ ಅನ್ನುತ್ತಾರೆ. ಹೆಂಗಸರು ನೋಡುತ್ತಿದ್ದರು. ಪೊಲೀಸ್ ಎಂಬ ಮಾತು ಬೇರೆ ಬಂದಿತ್ತು. ಒಂದಕ್ಕೆ ಬೈಸಿಕೊಂಡಾಗಿದೆ, ಎರಡಾದರೇನು ಅನಿಸಿತು.

"ಹೂನ್ರಿ," ಅಂದೆ.

ಅವನು ಅದನ್ನು ಹಾಳೆಯಲ್ಲಿ ಬರೆದ. ಹಾಳೆಯನ್ನು ಮಂಚದ ಕಾಲ ಕಡೆ ನೇತುಹಾಕಿದ.

ಪೊಲೀಸರು ಬರಲಿಲ್ಲ. ಆದರೆ ಆ ಹಾಳೆ ಪೊಲೀಸರಿಗಿಂತ ಗಟ್ಟಿಯಾಯಿತು. ಸಂಜೆ ಒಬ್ಬ ಡಾಕ್ಟರ್ ಬಂದರು, ಮರುದಿನ ಬೆಳಿಗ್ಗೆ ಇನ್ನೊಬ್ಬರು, ಮಧ್ಯಾಹ್ನ ಮತ್ತೊಬ್ಬರು. ಎಲ್ಲರೂ ಹಾಳೆ ನೋಡಿದರು, ಮೈ ನೋಡಲಿಲ್ಲ. "ಟೈಫಾಯಿಡ್, ಬರೆ ಗಾಯ" ಎಂದು ಓದಿ, ನನ್ನತ್ತ ಒಂದು ಕೆಂಗಣ್ಣು ಬಿಟ್ಟು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಬಾಟಲಿ ಬದಲಾಯಿತು, ಸೂಜಿ ಬದಲಾಯಿತು, ಜ್ವರ ಬದಲಾಗಲಿಲ್ಲ.

ವಿರೇಶ ನನ್ನ ಜೊತೆ ಮಾತು ಬಿಟ್ಟ. ಬಿಡುವ ಮೊದಲು ಒಂದೇ ಮಾತು ಆಡಿದ.

"ನಿನ್ನ ಬರೀನ ಆಕಿ ಮೈಯಾಗ ನಂಜಾಗೇತಿ ಯವ್ವಾ. ಆಕಿಗೇನರ ಆದ್ರ ನಿನ್ನ ಮಾರಿ ನೋಡಂಗಿಲ್ಲ."

ಎಂಟನೆಯ ದಿನ ಅಮರೇಶ್ವರಿ ನನ್ನನ್ನು ಗುರುತು ಹಿಡಿಯಲಿಲ್ಲ. ಹಾಡುಹಗಲೇ ನನ್ನ ಮೊಣಕೈ ಹಿಡಿದು ಎಳೆದಳು.

"ಕಾಲುವಿ ನೀರು ಒಳಗ ಬಂತು. ಕಾಲು ಎತ್ತು, ಕಾಲು ಎತ್ತು."

ಅವಳು ಹೇಳಿದ ರೀತಿಗೆ ನಾನು ಕಾಲು ಎತ್ತಿಬಿಟ್ಟೆ. ನೆಲ ಒಣಗಿಯೇ ಇತ್ತು. ಆದರೂ ಕಾಲು ಕೆಳಗಿಡಲು ಧೈರ್ಯ ಬರಲಿಲ್ಲ. ಸ್ಟೂಲಿನ ಮೇಲೆ ಹಾಗೇ ಮುದುರಿ ಕುಳಿತೆ. ಆಗ ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. ಆ ಹಕ್ಕಳೆ ನನ್ನದೇ ಇರಬಹುದೇ? ಮುಪ್ಪಿನ ತಲೆ. ಹಾಕಿ ಮರೆತೆನೇ? ಸುಳ್ಳನ್ನು ಅಷ್ಟು ವರ್ಷ ಹೇಳಿದರೆ ತನ್ನ ಕೈ ಏನು ಮಾಡಿತು ಎಂಬುದೇ ತನಗೆ ಗೊತ್ತಾಗುವುದಿಲ್ಲ.

ಧೈರ್ಯ ಮಾಡಿ ಆ ಹೊತ್ತಿನ ಡಾಕ್ಟರ ಹಿಂದೆ ಹೋದೆ.

"ಸಾಹೇಬ್ರ, ಒಂದು ಮಾತೈತ್ರಿ."

"ಹೊರಗೆ ನಿಲ್ಲಮ್ಮ. ರೌಂಡ್ಸ್ ನಡೀತಿದೆ."

ಹೊರಗೆ ನಿಂತೆ. ಸಿಟ್ಟು ಬಂದದ್ದು ಖರೆ. ಆದರೆ ಬಚಾವಾದೆ ಎಂದೂ ಅನಿಸಿತು. ಅದನ್ನು ಕೌಸರ್‌ಗೆ ಮುಚ್ಚಿಡಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಬ್ಬರ ನಡುವೆ ಆ ಹುಡುಗಿ ಬೇಯುತ್ತಿದ್ದಳು.

ಒಂಬತ್ತನೆಯ ದಿನ ಉಸಿರು ಕಮ್ಮಾರನ ತಿದಿಯ ಹಾಗೆ ಏರಿಳಿಯತೊಡಗಿತು. ತುಟಿ ನೀಲಿಯಾದವು. ಮುಂಜಾನೆ ಬಂದ ಡಾಕ್ಟರ್ ಹಾಳೆ ನೋಡಿ, "ದೊಡ್ಡ ಆಸ್ಪತ್ರೆಗೆ ಒಯ್ಯಿರಿ" ಅಂದರು. ರಾಯಚೂರಿಗೆ ಫೋನು ಹೋಯಿತು, ಮಂಚ ಖಾಲಿ ಇಲ್ಲ ಎಂದು ಬಂತು. ಆಂಬುಲೆನ್ಸ್ ಯಾರನ್ನೋ ಹೆರಿಗೆಗೆ ಕರೆದುಕೊಂಡು ಹೋಗಿತ್ತು. ನಮ್ಮೂರಿನ ಹುಸೇನಬಾಷಾ ಕೂಲಿಯವರನ್ನು ಸಾಗಿಸುವ ಕ್ರೂಸರ್ ಗಾಡಿ ಓಡಿಸುತ್ತಾನೆ. ವಿರೇಶ ಅವನಿಗೆ ಫೋನು ಮಾಡಿದ. ಅವನು ಕೂಲಿಯವರನ್ನು ಗದ್ದೆಯ ಬಳಿ ಇಳಿಸಿ ಹಾಗೇ ಬಂದ.

"ಲಿಂಗಸುಗೂರಾಗ ಒಬ್ರು ಡಾಕ್ಟರಮ್ಮ ಅದಾರ, ನಮ್ಮ ಅಣ್ಣನ ಮಗಳನ್ನ ಅವರ ಉಳಿಸಿದ್ದು. ಏರ್ರಿ ಗಾಡಿ," ಅಂದ.

ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ವಿರೇಶ ಮುಂದೆ ಕುಳಿತಿದ್ದ, ಹಿಂದೆ ತಿರುಗಲಿಲ್ಲ. ನಾನು ಉಸಿರು ಎಣಿಸುತ್ತಾ ಹೋದೆ. ಎಣಿಕೆ ನನಗೆ ಇಪ್ಪತ್ತರವರೆಗೆ ಬರುತ್ತದೆ. ಇಪ್ಪತ್ತು ಮುಗಿದರೆ ಮತ್ತೆ ಒಂದು. ಮಸ್ಕಿ ಬಂತು, ಗುಡ್ಡ ಹಿಂದಕ್ಕೆ ಸರಿಯಿತು. ಊರು ದಾಟಿದ ಮೇಲೆ ಒಂದು ಕಡೆ ಹದಿನಾಲ್ಕಕ್ಕೆ ನಿಂತಿತು. ಹದಿನೈದು ಬರಲಿಲ್ಲ. ನಾನು ಅವಳ ಎದೆ ತಿಕ್ಕಿದೆ, ಹೆಸರು ಹಿಡಿದು ಕೂಗಿದೆ. ಆಮೇಲೆ ಬಂತು. ಅಷ್ಟರಲ್ಲಿ ನನ್ನ ಜೀವ ಲಿಂಗಸುಗೂರು ಮುಟ್ಟಿ ವಾಪಸ್ ಬಂದಿತ್ತು.

ತಿಕ್ಕುವಾಗ ಕೈ ಸೊಂಟಕ್ಕೆ ಜಾರಿ ಆ ಹಕ್ಕಳೆಗೆ ತಾಗಿತು. ಅವಳು ಮಿಸುಕಲಿಲ್ಲ. ಬೆರಳಿಟ್ಟು ಒತ್ತಿದೆ. ಆಗಲೂ ಮಿಸುಕಲಿಲ್ಲ. ಮುಂಗೈಯ ಬರೆಯನ್ನು ಒತ್ತಿದೆ, ಆ ಮಂಪರಿನಲ್ಲೂ "ಆಯ್" ಎಂದು ನರಳಿದಳು.

ನಾನು ನಲವತ್ತು ವರ್ಷ ದೀಪ ಹಿಡಿದವಳು. ಬರೆ ಹಾಕುವ ಕೈ ನನಗೆ ಬರದಿದ್ದರೂ ಬರೆ ನೋಡುವ ಕಣ್ಣು ಬಂದಿತ್ತು. ಬಳೆ ಚೂರಿನ ಬರೆ ಗೆರೆಯಾಗಿ ಏಳುತ್ತದೆ, ಕತ್ತರಿಸಿ ಬಿಸಾಕಿದ ಉಗುರಿನ ಹಾಗೆ ಸ್ವಲ್ಪ ಬಾಗಿರುತ್ತದೆ. ಸುಟ್ಟ ಗಾಯ ಮುಟ್ಟಿದರೆ ಉರಿಯಲೇಬೇಕು. ಇದು ಕಡಲೆಯಷ್ಟು ಗುಂಡಗಿತ್ತು, ನೋವೇ ಇರಲಿಲ್ಲ. ನನ್ನ ತಲೆ ಕೆಟ್ಟಿರಲಿಲ್ಲ. ನಾನು ಹಾಕಿದ್ದು ಒಂದೇ. ಈ ಎರಡನೆಯದನ್ನು ಬೇರೆ ಏನೋ ಹಾಕಿದೆ. ಅದೇನು ಎಂದು ಯಾರೂ ಹುಡುಕಲಿಲ್ಲ, ಯಾಕೆಂದರೆ ನಾನು ಹೂಂ ಅಂದಿದ್ದೆ.

ಕೌಸರ್ ಪೆನ್ನು ಕೆಳಗಿಟ್ಟಿದ್ದಳು.

"ಆಗನ ಹೇಳಿದ್ಯಾ ಅಜ್ಜಿ, ಮಗಗ?"

"ಇಲ್ಲವ್ವಾ. ಮತ್ತ ಉಸಿರು ಎಣಿಸಾಕ ಹತ್ತಿದೆ."

ಲಿಂಗಸುಗೂರಿನ ಡಾಕ್ಟರಮ್ಮ ತಲೆ ನೆರೆತವರು, ಕನ್ನಡಕಕ್ಕೆ ದಾರ ಕಟ್ಟಿದ್ದರು. ನಮ್ಮ ಕಡೆಯದೇ ಮಾತು. ವಿರೇಶ ಹಳೆ ಹಾಳೆಗಳನ್ನು ಅವರ ಕೈಗೆ ಕೊಟ್ಟ. ಅವರು ಓದಿದರು.

"ಟೈಫಾಯಿಡ್. ಸೊಂಟಕ್ಕ, ಕೈಗೆ ಬರಿ ಹಾಕ್ಯಾರ." ಹಾಳೆ ಮಡಚಿದರು. ಇನ್ನು ಮುಂದಿನದು ನನಗೆ ಗೊತ್ತಿತ್ತು. ಇಲ್ಲಿಯೂ ಅದೇ ಬಾಟಲಿ, ಅದೇ ಸೂಜಿ. ಆಮೇಲೆ ಬಿಳಿ ಬಟ್ಟೆ.

"ಸುಳ್ಳು ರೀ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಅಂದೆ, "ಡಾಕ್ಟರಮ್ಮಾ, ಅದು ಸುಳ್ಳು ರೀ. ಕೈಮ್ಯಾಲಿಂದು ನಂದು. ಸೊಂಟದ್ದು ನಂದಲ್ಲ."

ವಿರೇಶ ತಿರುಗಿದ.

"ಅಲ್ಲಿ ಹೂಂ ಅಂದಿ?"

"ಹೂಂ ಅಂದೆ. ಮಂದಿ ನೋಡಾಕತ್ತಿದ್ರು. ಹೆದರಿದೆ."

"ಮೂರು ದಿನ ಯವ್ವಾ. ಮೂರು ದಿನ ಬಾಯಿ ಮುಚ್ಕೊಂಡು ಕುಂತಿದ್ದಿ?"

ಮೂರು ತಾಲೂಕಿಗೆ ಮಾತು ಹಂಚಿದವಳಿಗೆ ಒಂದು ಮಾತೂ ಸಿಗಲಿಲ್ಲ. ಆದರೆ ಡಾಕ್ಟರಮ್ಮ ನಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸೀರೆ ಸರಿಸಿ, ಬ್ಯಾಟರಿ ಹಾಕಿ, ಬಗ್ಗಿ ನೋಡಿದರು. ಬೆರಳಿನಿಂದ ಒತ್ತಿದರು. ಕಂಕುಳಿಗೆ, ತೊಡೆಯ ಸಂದಿಗೆ ಕೈ ಹಾಕಿ ಗಂಟು ಹುಡುಕಿದರು. ಆ ಒಂಬತ್ತು ದಿನದಲ್ಲಿ ಒಬ್ಬ ಡಾಕ್ಟರ್ ಅವಳ ಮೈ ಮುಟ್ಟಿ ನೋಡಿದ್ದು ಅದೇ ಮೊದಲು.

"ಹುಲ್ಲಿಗೆ ಹೋಗಿದ್ಳೇನಮ್ಮ?"

"ಕಾಲುವಿ ಏರಿಗೆ ದಿನಾ ಹೋಗ್ತಿದ್ಳು ರೀ."

"ಇದು ಬರಿ ಅಲ್ಲ, ಹುಲ್ಲಾಗಿನ ಹುಳ ಕಡಿದ ಗುರುತು. ಕಣ್ಣಿಗೆ ಕಾಣಲಾರದಷ್ಟು ಸಣ್ಣ ಹುಳ. ಸ್ಕ್ರಬ್ ಟೈಫಸ್ ಅಂತಾರ ಈ ಜ್ವರಕ್ಕ. ಇದಕ್ಕ ಬ್ಯಾರೇನ ಔಷಧ ಐತಿ." ಅವರು ನರ್ಸಿಗೆ ಏನೋ ಹೇಳಿ ನನ್ನತ್ತ ನೋಡಿದರು. "ಭಾಳ ತಡಾ ಆಗೇತಿ. ಎರಡು ದಿನದಾಗ ಜ್ವರ ಇಳೀಬೇಕು. ಇಳೀಲಿಲ್ಲ ಅಂದ್ರ ನನ್ನ ಕೈಯಾಗ ಏನೂ ಇಲ್ಲ."

ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು.

ಎರಡು ದಿನ ವರಾಂಡದ ಗೋಡೆಗೆ ಒರಗಿ ಕುಳಿತೆ. ಒಳಗೆ ಒಬ್ಬರಿಗೇ ಜಾಗ, ಅದು ವಿರೇಶನದು. ಅವನು ಹೊರಗೆ ಬಂದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ, ಅವನು ನನ್ನನ್ನು ದಾಟಿ ನೀರಿನ ನಲ್ಲಿಗೆ ಹೋಗುತ್ತಿದ್ದ. ಹುಸೇನಬಾಷಾ ತಂದುಕೊಟ್ಟ ಚಹಾ ಕಪ್ಪಿನಲ್ಲೇ ಕೆನೆಗಟ್ಟಿತು. ದೇವರಿಗೆ ಹರಕೆ ಹೊರೋಣ ಎಂದರೆ ಭಯವಾಯಿತು. ನನ್ನ ಬಾಯಿಂದ ಬಂದ ಮಾತನ್ನು ಅವನಾದರೂ ಯಾಕೆ ನಂಬಬೇಕು? ಒಂದೇ ಒಂದು ಸಲ, "ಇನ್ನೊಂದು ಬರಿ ಹಾಕಂಗಿಲ್ಲಪ್ಪಾ, ಆಡಿಗೂ ಹಾಕಂಗಿಲ್ಲ," ಅಂದೆ. ಅವನು ಕೇಳಿದನೋ ಇಲ್ಲವೋ.

ಮೂರನೆಯ ಮುಂಜಾನೆ ಬಿಸಿನೀರು ಹಿಡಿದು ಬಾಗಿಲ ತನಕ ಹೋದೆ. ಮಂಚ ಖಾಲಿ ಇತ್ತು.

ಹಾಸಿಗೆಯ ಬಟ್ಟೆ ತೆಗೆದಿದ್ದರು. ರೆಗ್ಜಿನ್ ಗಾದಿ ಒರೆಸಿ ಇನ್ನೂ ಒದ್ದೆಯಿತ್ತು. ಅವಳ ಹಸಿರು ಬಳೆಗಳು ಪಕ್ಕದ ಸ್ಟೂಲಿನ ಮೇಲಿದ್ದವು. ವಿರೇಶ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ, ಹೆಗಲು ಅಲುಗುತ್ತಿತ್ತು. ಬಿಸಿನೀರಿನ ತಂಬಿಗೆ ನನ್ನ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಸುಟ್ಟದ್ದು ಗೊತ್ತಾಗಲಿಲ್ಲ. ಆ ಸದ್ದಿಗೆ ಅವನು ತಿರುಗಿದ. ಒಂಬತ್ತು ಜನ್ಮಕ್ಕಾಗುವಷ್ಟು ಹೊತ್ತು ನನ್ನ ಮುಖ ನೋಡಿದ. ಆಮೇಲೆ ಬಾಯಿ ತೆರೆದ.

ಅಲ್ಲಿಗೆ ನಾನು ಮಾತು ನಿಲ್ಲಿಸಿದೆ. ಕಾಲು ಚಾಚಿ ಪಾದದ ಮೇಲಿನ ಸುಟ್ಟ ಕಲೆ ತೋರಿಸಿದೆ.

"ಏನಂದ ಅಜ್ಜಿ? ಏನಂದ ಹೇಳು!" ಕೌಸರ್ ಕಣ್ಣಲ್ಲಿ ನೀರು ನಿಂತಿತ್ತು. ಏನಾದರೂ ಮಾಡಬೇಕೆಂದು ತಟ್ಟೆಯ ರೊಟ್ಟಿ ಎತ್ತಿಕೊಂಡಳು. ಒಂದು ಕೈಯಿಂದ ಮುರಿಯಲು ನೋಡಿದಳು, ಆಗಲಿಲ್ಲ. ಎರಡೂ ಕೈ ಹಚ್ಚಿದಳು, ಆಗಲೂ ಆಗಲಿಲ್ಲ. ಮೊಣಕಾಲಿಗೆ ಊರಿ ಮುರಿಯಬೇಕಾಯಿತು. ಟ್ರ್ಯಾಕ್ಟರ್ ದಾಟುವಂಥ ಆ ರೊಟ್ಟಿ ಇವತ್ತು ಬೆಳಿಗ್ಗೆ ಬಡಿದದ್ದು.

ನಾನು ಅವಳ ಫಾರ್ಮನ್ನು ಅವಳ ಕಡೆ ಸರಿಸಿದೆ.

"ಮನಿಯಾಗ ಎಷ್ಟು ಮಂದಿ ಅಂತ ಕೇಳಿದ್ದಿಯಲ್ಲ ಬೇ. ನಾನು, ವಿರೇಶ. ಇಬ್ಬರೋ, ಮೂವರೋ? ನೀನ ಹೇಳು ನೋಡೂಣು. ಆದ್ರ ಒಳಗ ಹೋಗಿ ಕಣ್ಲೆ ನೋಡಿ ಆಮ್ಯಾಲ ಬರಕೋ. ನಾ ಹೇಳಿದ್ದನ್ನ ಬರಕೋಬ್ಯಾಡ."